ವೀಸಾಕ್ಕೆ ಮೊದಲು ಒಂದು ಲೆಕ್ಕ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳ ಯುವಕ ಯುವತಿಯರಿಗೆ,



ಐಟಿಐ, ಡಿಪ್ಲೊಮಾ, ಬಿಕಾಂ, ನರ್ಸಿಂಗ್ ಮುಗಿಸಿ, ಪಾಸ್‌ಪೋರ್ಟ್ ಮಾಡಿಸಿ ಕಪಾಟಿನಲ್ಲಿಟ್ಟುಕೊಂಡಿರುವ ನಿಮಗೆ ಈ ಪತ್ರ. ಗಲ್ಫಿಗೆ ಹೋಗಲೋ, ಊರಲ್ಲೇ ಇರಲೋ ಎಂದು ನೀವು ಕೇಳುತ್ತೀರಿ. ರಜೆಯಲ್ಲಿ ಬಂದ ಮಾವ ‘ಇಲ್ಲಿ ಏನುಂಟು, ಹೊರಡು’ ಅನ್ನುತ್ತಾನೆ. ತೋಟದ ಕೆಲಸಕ್ಕೆ ಜನ ಸಿಗದೆ ಸೋತ ಅಪ್ಪ ಬಾಯಿ ಬಿಟ್ಟು ಏನೂ ಹೇಳುವುದಿಲ್ಲ. ಇಬ್ಬರ ಮಾತಿನಲ್ಲೂ ಒಂದು ಸಂಖ್ಯೆ ಇರುವುದಿಲ್ಲ. ನಾನು ಇಲ್ಲಿ ಸಂಖ್ಯೆಗಳನ್ನೇ ಮಾತಾಡಬೇಕೆಂದಿದ್ದೇನೆ.

ನನ್ನ ದುಡಿಮೆಯ ಬಹುಪಾಲು ವರ್ಷಗಳು ಬ್ಯಾಂಕಿನ ಕೌಂಟರಿನ ಒಳಗೆ ಕಳೆದವು. ಮೀಸೆ ಸರಿಯಾಗಿ ಮೂಡದ ವಯಸ್ಸಿನಲ್ಲಿ ಎನ್‌ಆರ್‌ಇ, ಅಂದರೆ ಅನಿವಾಸಿಗಳ ಖಾತೆ ತೆರೆದವರು ತಲೆ ನರೆತ ಮೇಲೆ ಅದೇ ಖಾತೆಯನ್ನು ಮುಚ್ಚಲು ಬಂದದ್ದನ್ನು ನೋಡಿದ್ದೇನೆ. ಕೊನೆಯಲ್ಲಿ ಅವರ ಹೆಸರಿನಲ್ಲಿ ಉಳಿದದ್ದಕ್ಕೂ ಅವರು ಪಡೆದ ಸಂಬಳಕ್ಕೂ ಅಂಥ ಸಂಬಂಧ ಇರಲಿಲ್ಲ. ದೊಡ್ಡ ಸಂಬಳದವರು ಬರಿಗೈಯಲ್ಲಿ ಬಂದರು, ಸಣ್ಣ ಸಂಬಳದ ಕೆಲವರು ನಿಶ್ಚಿಂತರಾಗಿ ಬಂದರು. ಎಷ್ಟು ಸೇರಿಸಬೇಕು, ಯಾವ ವರ್ಷ ವಾಪಸು ಬರಬೇಕು ಎಂಬ ಎರಡನ್ನು ಹೊರಡುವ ಮೊದಲೇ ತೀರ್ಮಾನಿಸಿದವರು ಬಿಡುಗಡೆ ಪಡೆದರು. ಉಳಿದವರು ‘ಇನ್ನೆರಡು ವರ್ಷ’ ಅನ್ನುತ್ತಾ ವೀಸಾ ನವೀಕರಿಸಿದರು.

ಹೊರಗೆ ಹೋಗಿ ದುಡಿಯುವುದು ನಮ್ಮ ಸೀಮೆಗೆ ಹೊಸತೇನಲ್ಲ. ಗಲ್ಫಿಗೆ ಮೊದಲು ಬೊಂಬಾಯಿ ಇತ್ತು. ಹೋಟೆಲಿನಲ್ಲಿ ಲೋಟ ತೊಳೆಯಲು ಹೋದ ಹುಡುಗರು ರಾತ್ರಿ ಶಾಲೆಯಲ್ಲಿ ಕುಳಿತು ಮೆಟ್ರಿಕ್ ಮುಗಿಸಿ, ಗುಮಾಸ್ತರೂ ಹೋಟೆಲ್ ಮಾಲಕರೂ ಆದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅಲ್ಲಿ ರಾತ್ರಿ ಶಾಲೆ ನಡೆಸಿದ್ದು ಸುಮ್ಮನೆ ಅಲ್ಲ. ಹಗಲಿನ ಕೆಲಸ ಹೊಟ್ಟೆಗೆ, ರಾತ್ರಿಯ ಓದು ಮುಂದಿನ ಮೆಟ್ಟಿಲಿಗೆ ಎಂದು ಆ ತಲೆಮಾರಿಗೆ ಗೊತ್ತಿತ್ತು. ಎಪ್ಪತ್ತರ ದಶಕದಲ್ಲಿ ಎಣ್ಣೆಯ ಬೆಲೆ ಏರಿದಾಗ ದಾರಿ ಕುವೈತ್, ಬಹರೈನ್, ದುಬೈ, ದಮಾಮ್ ಕಡೆಗೆ ತಿರುಗಿತು. 2006ರಲ್ಲಿ ಬಜಪೆ ವಿಮಾನ ನಿಲ್ದಾಣದಿಂದಲೇ ದುಬೈಗೆ ನೇರ ವಿಮಾನ ಶುರುವಾದ ಮೇಲಂತೂ ವಿದೇಶವೆಂಬುದು ಬೊಂಬಾಯಿಯ ಬಸ್ಸಿಗಿಂತ ಹತ್ತಿರವಾಯಿತು. ಆದರೆ ಬೊಂಬಾಯಿಗೂ ಗಲ್ಫಿಗೂ ಒಂದು ಮೂಲ ವ್ಯತ್ಯಾಸವಿದೆ. ಬೊಂಬಾಯಿಗೆ ಹೋದವರು ಬೇಕಾದರೆ ಅಲ್ಲೇ ಉಳಿಯಬಹುದಿತ್ತು. ಗಲ್ಫ್ ನಿಮ್ಮಂಥವರಿಗೆ ಪೌರತ್ವ ಕೊಡುವುದಿಲ್ಲ. ಅಲ್ಲಿಗೆ ಹೋಗುವವರು ಒಂದು ದಿನ ವಾಪಸು ಬರುವುದು ಖಾತ್ರಿ. ಯಾವ ದಿನ ಎಂಬುದನ್ನು ನೀವು ನಿರ್ಧರಿಸುತ್ತೀರೋ, ಕಂಪನಿ ನಿರ್ಧರಿಸುತ್ತದೋ ಎಂಬುದಷ್ಟೇ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ಒಬ್ಬ ಡಿಪ್ಲೊಮಾ ಹುಡುಗನಿಗೆ ದುಬೈಯಲ್ಲಿ 3,000 ದಿರ್ಹಮ್ ಸಂಬಳ ಎಂದು ಇಟ್ಟುಕೊಳ್ಳಿ. ಬೆಡ್ ಸ್ಪೇಸಿಗೆ 700, ಊಟಕ್ಕೆ 600, ಫೋನು ಬಸ್ಸಿಗೆ 250, ಊರಿಗೆ ಬರುವ ಟಿಕೇಟು ಮತ್ತು ಸಣ್ಣಪುಟ್ಟದ್ದಕ್ಕೆ 150 ಹೋದರೆ ಉಳಿಯುವುದು 1,300. ದಿರ್ಹಮಿಗೆ 23 ರೂಪಾಯಿಯಂತೆ ಸುಮಾರು 30 ಸಾವಿರ. ಅದೇ ಹುಡುಗ ಬೈಕಂಪಾಡಿಯ ಕಾರ್ಖಾನೆಯೊಂದರಲ್ಲಿ 22 ಸಾವಿರಕ್ಕೆ ಸೇರಿ, ಮನೆಯಿಂದಲೇ ಓಡಾಡಿ, ಬಸ್ಸು, ತಿಂಡಿ, ಮನೆಗೊಂದು ಪಾಲು ಅಂತ 10 ಸಾವಿರ ಕಳೆದರೆ ಕೈಯಲ್ಲಿ 12 ಸಾವಿರ ಉಳಿಯುತ್ತದೆ. ಊರಿನಲ್ಲಿ ಜನ ಹೋಲಿಸುವುದು 69 ಸಾವಿರವನ್ನೂ 22 ಸಾವಿರವನ್ನೂ. ನೀವು ಹೋಲಿಸಬೇಕಾದದ್ದು 30ನ್ನೂ 12ನ್ನೂ. ವ್ಯತ್ಯಾಸ ಸಣ್ಣದೆಂದು ನಾನು ಹೇಳುತ್ತಿಲ್ಲ, ತಿಂಗಳಿಗೆ 18 ಸಾವಿರ ದೊಡ್ಡ ಮೊತ್ತವೇ. ಆದರೆ ಮನೆಯವರಿಂದ ದೂರ ಇರುವುದಕ್ಕೆ, ಮರಳುಗಾಡಿನ ಬಿಸಿಲಿಗೆ ನೀವು ಪಡೆಯುತ್ತಿರುವ ನಿಜವಾದ ಬೆಲೆ ಅದು. ಆ ಬೆಲೆ ಸಾಕೇ ಎಂದು ಕೇಳಿಕೊಳ್ಳಿ.

ಇದೇ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಬೀಳುತ್ತದೆ. ರೂಮು, ಊಟ ಎಲ್ಲ ಕಂಪನಿಯದ್ದೇ ಆಗಿರುವ 1,500 ದಿರ್ಹಮಿನ ಕೆಲಸದಲ್ಲಿ 1,200 ಉಳಿಯಬಹುದು. ಎಲ್ಲವನ್ನೂ ನೀವೇ ನೋಡಿಕೊಳ್ಳಬೇಕಾದ 2,500 ದಿರ್ಹಮಿನ ಕೆಲಸದಲ್ಲಿ 800 ಮಾತ್ರ. ಹಾಗಾಗಿ ಆಫರ್ ಲೆಟರಿನಲ್ಲಿ ಸಂಬಳದ ಸಾಲಿಗಿಂತ ಮೊದಲು ವಸತಿ ಮತ್ತು ಊಟದ ಸಾಲನ್ನು ಓದಿ.

ನನ್ನ ಅಭಿಪ್ರಾಯ ಕೇಳುವುದಾದರೆ, ಅಲ್ಲಿ ಉಳಿಯುವುದು ಇಲ್ಲಿ ಉಳಿಯುವುದಕ್ಕಿಂತ ಎರಡು ಪಟ್ಟಾದರೂ ಆಗದಿದ್ದರೆ ಹೊರಡಬೇಡಿ. ಹೋಗಲು ಮಾಡಿದ ಸಾಲ ಮೊದಲ ಆರು ತಿಂಗಳ ಉಳಿತಾಯದಲ್ಲಿ ತೀರದಿದ್ದರೂ ಹೊರಡಬೇಡಿ.

ಉಳಿದ ಹಣ ಏನಾಗುತ್ತದೆ ಎಂಬುದು ಮುಂದಿನ ಮಾತು. ಆರ್ಥಿಕ ಸ್ವಾತಂತ್ರ್ಯ ಅಂದರೆ ನಾಳೆ ಕೆಲಸ ಬಿಟ್ಟರೂ ಮನೆ ನಡೆಯುವ ಸ್ಥಿತಿ. ತಿಂಗಳಿಗೆ 30 ಸಾವಿರದಂತೆ ಹತ್ತು ವರ್ಷ ತಪ್ಪದೆ ಶೇ 7ರ ಬಡ್ಡಿಯಲ್ಲಿ ಕೂಡಿಟ್ಟರೆ ಸುಮಾರು 52 ಲಕ್ಷ ಆಗುತ್ತದೆ. ಆ 52 ಲಕ್ಷದ ಅಸಲು ಮುಟ್ಟದೆ ಬಡ್ಡಿಯನ್ನಷ್ಟೇ ತೆಗೆದರೆ ತಿಂಗಳಿಗೆ ಮತ್ತೆ 30 ಸಾವಿರ ಬರುತ್ತದೆ. ಹತ್ತು ವರ್ಷ ನೀವು ಹಾಕಿದ್ದನ್ನು ಹನ್ನೊಂದನೆಯ ವರ್ಷದಿಂದ ಅದು ನಿಮಗೆ ಹಾಕತೊಡಗುತ್ತದೆ. ಬೆಲೆಯೇರಿಕೆ ಇದೆ ನಿಜ, ಹತ್ತು ವರ್ಷದ ನಂತರದ 30 ಸಾವಿರಕ್ಕೆ ಈಗಿನ 17-18 ಸಾವಿರದ ಬೆಲೆಯಷ್ಟೇ ಇರಬಹುದು. ಹಾಗಾಗಿ ಹತ್ತು ವರ್ಷದಲ್ಲಿ ಪೂರ್ತಿ ಬಿಡುಗಡೆ ಸಿಗದು. ಆದರೆ ಊರಿಗೆ ಬಂದು ಸಣ್ಣ ಸಂಬಳದ, ಮನಸ್ಸಿಗೆ ಒಗ್ಗುವ ಕೆಲಸವೊಂದನ್ನು ಹಿಡಿಯುವ ಧೈರ್ಯ ಸಿಗುತ್ತದೆ. ನನಗೆ ಅದೇ ದೊಡ್ಡದು ಅನ್ನಿಸುತ್ತದೆ.

ದಿರ್ಹಮಿನ ಬೆಲೆ ಏರುತ್ತಿದೆಯಲ್ಲ ಎಂದು ನೀವು ಹೇಳಬಹುದು. 2008ರ ಆರಂಭದಲ್ಲಿ ಒಂದು ದಿರ್ಹಮಿಗೆ ಹನ್ನೊಂದು ರೂಪಾಯಿಯೂ ಇರಲಿಲ್ಲ, 2024ರಲ್ಲಿ ಇಪ್ಪತ್ತೆರಡಕ್ಕೂ ಹೆಚ್ಚಿತ್ತು. ದಿರ್ಹಮನ್ನು ಡಾಲರಿಗೆ 3.6725ರ ದರದಲ್ಲಿ ಕಟ್ಟಿಹಾಕಿರುವುದರಿಂದ ಡಾಲರಿನ ಎದುರು ರೂಪಾಯಿ ಇಳಿದಾಗೆಲ್ಲ ನಿಮ್ಮ ಸಂಬಳ ಊರಿನಲ್ಲಿ ಏರಿದಂತೆ ಕಾಣುತ್ತದೆ. ಅದನ್ನು ಬಡ್ತಿ ಎಂದು ಎಣಿಸಬೇಡಿ. ರೂಪಾಯಿ ಇಳಿದ ಅದೇ ವರ್ಷಗಳಲ್ಲಿ ಊರಿನ ಸಿಮೆಂಟು, ಕೂಲಿ, ಕಾಲೇಜು ಫೀಸು ಎಲ್ಲವೂ ಏರಿವೆ.

ಇನ್ನು ಯಾರೂ ನಿಮಗೆ ಹೇಳದ ಒಂದು ವಿಷಯ. ಯುಎಇ ಕಾನೂನಿನಂತೆ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿ ಮೊದಲ ಐದು ವರ್ಷ ವರ್ಷಕ್ಕೆ 21 ದಿನದ, ಆಮೇಲೆ ವರ್ಷಕ್ಕೆ 30 ದಿನದ ಬೇಸಿಕ್ ಸಂಬಳ. ಬೇಸಿಕ್ ಎಂಬ ಮಾತನ್ನು ಗಮನಿಸಿ. 3,000ದಲ್ಲಿ ಬೇಸಿಕ್ 1,500 ಎಂದು ಬರೆದಿದ್ದರೆ ಹತ್ತು ವರ್ಷಕ್ಕೆ ಸಿಗುವುದು 12,750 ದಿರ್ಹಮ್, ಸುಮಾರು ಮೂರು ಲಕ್ಷ ರೂಪಾಯಿ. ಅದರಾಚೆಗೆ ನಿಮ್ಮಂಥ ಉದ್ಯೋಗಿಗೆ ಅಲ್ಲಿ ಪಿಂಚಣಿ ಇಲ್ಲ. ಇಲ್ಲಿ 15 ಸಾವಿರ ಬೇಸಿಕ್ ಇರುವ ಹುಡುಗನ ಪಿಎಫ್ ಖಾತೆಯಲ್ಲಿ ಹತ್ತು ವರ್ಷಕ್ಕೆ ನಾಲ್ಕು ಲಕ್ಷದಷ್ಟು ಸೇರುತ್ತದೆ. ಬಹುಪಾಲು ಅವನದೇ ದುಡ್ಡು, ಆದರೂ ಅವನಿಗೆ ತಿಳಿಯದ ಹಾಗೆ ಸೇರಿದ ದುಡ್ಡು. ಜೊತೆಗೆ, ಸಣ್ಣದಾದರೂ, ಪಿಂಚಣಿಯ ಹಕ್ಕು. ನಿಮ್ಮಲ್ಲಿ ಅನೇಕರ ತಾಯಂದಿರು ಬೀಡಿ ಕಟ್ಟಿ ನಿಮ್ಮ ಫೀಸು ಕಟ್ಟಿದವರು. ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಹೆಂಗಸಿಗೂ ಈ ದೇಶದಲ್ಲಿ ಪಿಎಫ್ ಇದೆ. ದುಬೈಯ ಮಗನಿಗೆ ಅದಿಲ್ಲ. ಅವನ ಸಂಬಳದಿಂದ ಯಾರೂ ಏನನ್ನೂ ಕಡ್ಡಾಯವಾಗಿ ಹಿಡಿದಿಡುವುದಿಲ್ಲ, ತೆರಿಗೆಯನ್ನೂ ಕೂಡ. ಪೂರ್ತಿ ಸಂಬಳ ಕೈಗೆ ಬರುವುದು ಸಂತೋಷ. ಆದರೆ ಹಿಡಿದಿಡುವ ಕೆಲಸವೂ ಪೂರ್ತಿಯಾಗಿ ನಿಮ್ಮದೇ.

ಹೀಗೆ ಹಿಡಿದಿಡುವುದು ನಮಗೆ ಹೊಸತಲ್ಲ. 1928ರಲ್ಲಿ ಉಡುಪಿಯ ಸಿಂಡಿಕೇಟ್ ಬ್ಯಾಂಕು ಪಿಗ್ಮಿ ಠೇವಣಿ ಶುರುಮಾಡಿ ದಿನಕ್ಕೆ ಎರಡಾಣೆಯನ್ನು ಮನೆಮನೆಗೆ ಹೋಗಿ ಸಂಗ್ರಹಿಸಿತು. ಅವಿಭಜಿತ ದಕ್ಷಿಣ ಕನ್ನಡ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ವಿಜಯಾ ಬ್ಯಾಂಕುಗಳೂ ಹುಟ್ಟಿದ ಮಣ್ಣು. ಉಳಿತಾಯವನ್ನು ಖರ್ಚಿನ ನಂತರಕ್ಕೆ ಬಿಡದೆ ಮೊದಲೇ ಎತ್ತಿಡುವುದು ನಮ್ಮ ಅಜ್ಜಂದಿರಿಗೆ ಪಿಗ್ಮಿ ಕಲಿಸಿದ ಅಭ್ಯಾಸ. ಸಂಬಳ ಬಂದ ದಿನವೇ ಗೊತ್ತುಪಡಿಸಿದ ಮೊತ್ತ ಎನ್‌ಆರ್‌ಇ ಠೇವಣಿಗೆ ಹೋಗುವಂತೆ ಮಾಡಿಕೊಳ್ಳಿ. ಅದರ ಬಡ್ಡಿಗೆ ಇಲ್ಲಿ ತೆರಿಗೆಯೂ ಇಲ್ಲ.

ಮನೆಯ ವಿಚಾರವನ್ನು ಸ್ವಲ್ಪ ವಿಸ್ತಾರವಾಗಿ ಬರೆಯಬೇಕು, ಯಾಕೆಂದರೆ ನಮ್ಮ ಕಡೆಯ ಗಲ್ಫ್ ಹಣದ ಬಹುಭಾಗ ಅಲ್ಲಿಗೇ ಹೋಗುತ್ತದೆ. ಗುರುವಾಯನಕೆರೆಯಿಂದ ವೇಣೂರಿಗೆ, ಬಿ.ಸಿ. ರೋಡಿನಿಂದ ವಿಟ್ಲಕ್ಕೆ ಹೋಗುವ ದಾರಿಯ ಎರಡೂ ಬದಿ ನೋಡಿ. ಗ್ರಾನೈಟ್ ಹಾಸಿದ ಎರಡಂತಸ್ತಿನ ಮನೆಗಳು, ಮೇಲಿನ ಮಹಡಿಯ ಕಿಟಕಿಗಳು ವರ್ಷವಿಡೀ ಮುಚ್ಚಿರುತ್ತವೆ. ಒಳಗೆ ಇಬ್ಬರು ಮುದುಕರು ಒಂದು ಕೋಣೆಯಲ್ಲಿ. ಹಂಚಿನ ಮನೆಯಲ್ಲಿ, ಸೋರುವ ಮಾಡಿನ ಕೆಳಗೆ ಬೆಳೆದ ಮಗ ತಾಯಿಗೆ ಒಳ್ಳೆಯ ಮನೆ ಕಟ್ಟಿಕೊಡಬೇಕು ಅಂದುಕೊಳ್ಳುವುದರಲ್ಲಿ ತಪ್ಪು ಹುಡುಕುವ ಮನಸ್ಸು ನನಗಿಲ್ಲ. ಜಾತಿಯ ಕಾರಣಕ್ಕೋ ಬಡತನದ ಕಾರಣಕ್ಕೋ ಹಿಂದೆ ತಲೆ ತಗ್ಗಿಸಿದ ಕುಟುಂಬಕ್ಕೆ ರಸ್ತೆಗೆ ಕಾಣುವ ಒಂದು ಮನೆ ಏನು ಕೊಡುತ್ತದೆ ಎಂಬುದೂ ಗೊತ್ತು. ಆದರೂ ಲೆಕ್ಕ ಲೆಕ್ಕವೇ. ಮೇಲೆ ಹೇಳಿದ 52 ಲಕ್ಷವನ್ನು ಹತ್ತು ವರ್ಷ ಕೂಡಿಸುವ ಬದಲು ಐದನೆಯ ವರ್ಷವೇ ಸಾಲ ಮಾಡಿ ಅಷ್ಟರ ಮನೆ ಕಟ್ಟಿದರೆ, ಉಳಿದ ಐದು ವರ್ಷವಲ್ಲ, ಹತ್ತು ವರ್ಷಕ್ಕೂ ಹೆಚ್ಚು ಕಾಲ ನೀವು ಆ ಮನೆಗಾಗಿ ಅಲ್ಲಿ ದುಡಿಯುತ್ತೀರಿ. ಮನೆ ಬಾಡಿಗೆ ತರುವುದಿಲ್ಲ, ಮಾರುವುದಕ್ಕೆ ಮನಸ್ಸು ಬರುವುದಿಲ್ಲ. ಬಣ್ಣ, ತೆರಿಗೆ, ಇನ್ವರ್ಟರು, ಪಂಪು ಅಂತ ವರ್ಷ ವರ್ಷ ಕೇಳುತ್ತಲೇ ಇರುತ್ತದೆ. ವಾಸಿಸುವವರು ಎಷ್ಟು ಮಂದಿಯೋ ಅಷ್ಟಕ್ಕೆ ಸಾಕಾಗುವ ಗಟ್ಟಿ ಮಾಡಿನ ಮನೆಯನ್ನು ಅಪ್ಪ ಅಮ್ಮನಿಗೆ ಮೊದಲೇ ಮಾಡಿಕೊಡಿ. ದೊಡ್ಡ ಮನೆ ಬೇಕೇ ಬೇಕೆಂದಿದ್ದರೆ ಅದು ವಾಪಸು ಬಂದ ಮೇಲೆ, ಬಡ್ಡಿಯ ಹಣ ಬರತೊಡಗಿದ ಮೇಲೆ. ಮದುವೆಗೂ ಇದೇ ಮಾತು. ಬ್ರಹ್ಮಕಲಶಕ್ಕೆ, ಉರೂಸಿಗೆ, ಇಗರ್ಜಿಗೆ ಗಲ್ಫಿನವನೆಂದು ಚೀಟಿ ಹರಿಯುವವರಿಗೆ ಕೊಡಬೇಡಿ ಅನ್ನಲಾರೆ, ವರ್ಷಕ್ಕೆ ಒಂದು ಮಿತಿ ಹಾಕಿಕೊಂಡು ಕೊಡಿ.

ತೋಟ ಕೊಳ್ಳುವ ಕನಸಿನವರಿಗೆ ಒಂದು ಎಚ್ಚರಿಕೆ. ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ, ಅಂದರೆ ಫೆಮಾದ ನಿಯಮದಂತೆ ಅನಿವಾಸಿ ಭಾರತೀಯರು ಇಲ್ಲಿ ಕೃಷಿ ಜಮೀನು, ಪ್ಲಾಂಟೇಷನ್, ಫಾರ್ಮ್ ಹೌಸ್ ಖರೀದಿಸುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಇಟ್ಟುಕೊಳ್ಳಬಹುದು, ಸೈಟು ಫ್ಲ್ಯಾಟು ಕೊಳ್ಳಬಹುದು. ಇದು ಗೊತ್ತಿಲ್ಲದೆಯೋ ಗೊತ್ತಿದ್ದೋ ಅಣ್ಣನ ಹೆಸರಿನಲ್ಲಿ, ಭಾವನ ಹೆಸರಿನಲ್ಲಿ ಎರಡೆಕರೆ ಅಡಿಕೆ ತೋಟ ತೆಗೆದು, ಹದಿನೈದು ವರ್ಷದ ನಂತರ ಅದು ಯಾರದ್ದೆಂದು ಬಂಟ್ವಾಳದ ಕೋರ್ಟಿನ ಮೆಟ್ಟಿಲು ಹತ್ತಬೇಡಿ. ಊರಿಗೆ ಬಂದು ನೆಲೆಸಿದ ಮೇಲೆ ನಿಮ್ಮ ಹೆಸರಿನಲ್ಲೇ ಕೊಳ್ಳಿ. ಕರ್ನಾಟಕದಲ್ಲಿ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು.

ವಾಪಸಾತಿ ಯಾವಾಗ ಎಂದು ಕಂಪನಿಯೇ ನಿರ್ಧರಿಸಬಹುದು ಎಂದೆ. ಕೆಲವೊಮ್ಮೆ ಕಂಪನಿಯೂ ಅಲ್ಲ. 1990ರ ಆಗಸ್ಟಿನಲ್ಲಿ ಇರಾಕ್ ಕುವೈತನ್ನು ನುಂಗಿದಾಗ ಒಂದೂವರೆ ಲಕ್ಷಕ್ಕೂ ಹೆಚ್ಚು ಭಾರತೀಯರನ್ನು ವಿಮಾನದಲ್ಲಿ ಕರೆತರಬೇಕಾಯಿತು. ಬ್ಯಾಂಕಿನಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಉಟ್ಟ ಬಟ್ಟೆಯಲ್ಲಿ ಬಂದವರು ಅವರಲ್ಲಿದ್ದರು. 2011ರಿಂದ ಸೌದಿಯಲ್ಲಿ ನಿತಾಖತ್ ಬಂತು, ಸ್ಥಳೀಯರಿಗೆ ಕೆಲಸ ಕೊಡಬೇಕೆಂಬ ಒತ್ತಡದಲ್ಲಿ ಸಣ್ಣ ಅಂಗಡಿಗಳ ನಮ್ಮವರು ಗಂಟು ಕಟ್ಟಿದರು. 2020ರ ಮೇ ತಿಂಗಳಲ್ಲಿ ಕೊರೊನಾದ ನಡುವೆ ನಮ್ಮವರನ್ನು ಹೊತ್ತ ವಂದೇ ಭಾರತ್ ವಿಮಾನಗಳು ಬಜಪೆಗೆ ಬಂದಿಳಿದವು. ಪಕ್ಕದ ಕೇರಳದಲ್ಲಿ 1998ರಿಂದ ಕೆಲವು ವರ್ಷಗಳಿಗೊಮ್ಮೆ ವಲಸೆ ಸಮೀಕ್ಷೆ ನಡೆಯುತ್ತದೆ. 2018ರಲ್ಲಿ ಸುಮಾರು 12 ಲಕ್ಷವಿದ್ದ ಮರಳಿ ಬಂದವರ ಸಂಖ್ಯೆ 2023ಕ್ಕೆ 18 ಲಕ್ಷಕ್ಕೆ ಏರಿತ್ತು. ಕಾಸರಗೋಡಿನ ಆಚೆಯ ಕಥೆ ಈಚೆಗೂ ಬೇರೆಯಾಗಿರಲಾರದು. ಆದ್ದರಿಂದ ಆರು ತಿಂಗಳ ಮನೆಖರ್ಚು ಊರಿನ ಖಾತೆಯಲ್ಲಿ ಯಾವಾಗಲೂ ಇರಲಿ. ಹೊರಡುವ ಮೊದಲೇ ಟರ್ಮ್ ವಿಮೆ ಮಾಡಿಸಿ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಕೆಂಜಾರಿನ ಕಣಿವೆಗೆ ಬಿದ್ದು 158 ಮಂದಿ ಹೋದರು. ಅವರಲ್ಲಿ ಎಷ್ಟೋ ಮಂದಿ ಮನೆಗೆ ದುಡಿದು ಹಾಕುತ್ತಿದ್ದವರು. ಆ ಬೆಳಗ್ಗೆಯನ್ನು ನಮ್ಮ ಜಿಲ್ಲೆ ಮರೆಯುವುದಿಲ್ಲ.

ಹುಡುಗಿಯರಿಗೆ ಒಂದು ಮಾತು. ನರ್ಸಿಂಗ್ ಓದಿದ ನಿಮ್ಮ ಲೆಕ್ಕ ಹುಡುಗರದ್ದಕ್ಕಿಂತ ಹೆಚ್ಚಾಗಿ ಹೊರಗಿನ ಕಡೆಗೇ ವಾಲುತ್ತದೆ. ಇಲ್ಲಿಯ ಖಾಸಗಿ ಆಸ್ಪತ್ರೆಗಳ ಸಂಬಳ ನಿಮ್ಮ ಓದಿಗೂ ರಾತ್ರಿ ಪಾಳಿಗೂ ತಕ್ಕದ್ದಲ್ಲ, ನಾನು ಅದನ್ನು ಸಮರ್ಥಿಸಲಾರೆ. ಇಸ್ರೇಲಿನಲ್ಲಿ ಕೇರ್‌ಗಿವರ್ ಆಗಿ ದುಡಿಯುವ ನಮ್ಮ ಜಿಲ್ಲೆಯ ಹೆಣ್ಣುಮಕ್ಕಳು, ಗಂಡಸರು 2023ರ ಅಕ್ಟೋಬರಿನ ಯುದ್ಧದ ದಿನಗಳಲ್ಲಿ ಬಂಕರಿನಿಂದ ಮನೆಗೆ ಫೋನು ಮಾಡಿದ್ದನ್ನೂ ಕೇಳಿದ್ದೇವೆ. ಆ ಅಪಾಯ ತಿಳಿದೇ ಹೋಗಿ. ಆದರೆ ಠೇವಣಿ ನಿಮ್ಮ ಒಬ್ಬರ ಹೆಸರಿನಲ್ಲೇ ಇರಲಿ. ಅಪ್ಪನ, ಅಣ್ಣನ, ಆಮೇಲೆ ಗಂಡನ ಖಾತೆಗೆ ಹೋದ ಹಣದಲ್ಲಿ ನಿಮ್ಮ ಪಾಲೆಷ್ಟು ಎಂದು ಮುಂದೆ ಕೇಳುವುದು ಬಹಳ ಕಷ್ಟ.

ಊರಿನಲ್ಲಿ ಉಳಿಯುವವರಿಗೂ ಹೇಳುವುದಿದೆ. ಹೋಗದೆ ಇದ್ದುಬಿಡುವುದು ಬೇರೆ, ಉಳಿಯಬೇಕೆಂದು ತೀರ್ಮಾನಿಸಿ ಉಳಿಯುವುದು ಬೇರೆ. ಬುಲೆಟ್ ಬೈಕಿನ ಕಂತು, ಐಫೋನಿನ ಕಂತು, ಸಂಜೆ ಕಲ್ಲಡ್ಕದಲ್ಲಿ ಚಹಾ ಅಂತ 22 ಸಾವಿರದಲ್ಲಿ ಏನೂ ಉಳಿಸದವನಿಗೆ ಊರೂ ಬಿಡುಗಡೆ ಕೊಡದು. ಇಲ್ಲಿ ಸಂಬಳ ಕಡಿಮೆ, ಆದರೆ ಬಾಡಿಗೆ ಇಲ್ಲ, ತೆಂಗು ತರಕಾರಿ ಮನೆಯದು, ಅಪ್ಪನಿಗೆ ಹುಷಾರಿಲ್ಲದಾಗ ಹೋಂ ನರ್ಸಿಗೆ ಹಣ ಕೊಡಬೇಕಿಲ್ಲ. ಒಬ್ಬನೇ ಮಗನಾಗಿದ್ದರೆ ಈ ಕೊನೆಯ ಸಾಲಿಗೆ ಅದರ ನಿಜವಾದ ಬೆಲೆ ಹಾಕಿ ನೋಡಿ, ಲೆಕ್ಕ ಬದಲಾಗಬಹುದು. ಅಡಿಕೆಯನ್ನೇ ನಂಬಿ ಕೂರಿ ಎಂದು ನಾನು ಹೇಳುವುದಿಲ್ಲ. ಹಳದಿ ಎಲೆ ರೋಗ, ಈಚೆಗೆ ಎಲೆಚುಕ್ಕಿ ತೋಟಗಳನ್ನು ಏನು ಮಾಡಿವೆ ಎಂಬುದನ್ನು ನೀವೇ ಕಂಡಿದ್ದೀರಿ. ಆದರೆ ಅಡಿಕೆಯ ಸುತ್ತ ಇರುವ ಕೆಲಸ ನೋಡಿ. ಮದ್ದು ಬಿಡಲು, ಕೊನೆ ತೆಗೆಯಲು ನುರಿತವರು ದಿನಕ್ಕೆ ಸಾವಿರ ರೂಪಾಯಿಗಿಂತ ಕಡಿಮೆಗೆ ಸಿಗುವುದಿಲ್ಲ, ಸೀಸನ್ನಿನಲ್ಲಿ ಎಷ್ಟು ಕೊಟ್ಟರೂ ಸಿಗುವುದಿಲ್ಲ. ಮರ ಹತ್ತದೆ ನೆಲದಿಂದಲೇ ಮಾಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ, ಅದಕ್ಕೆ ಅಡಿಕೆ ಬೆಳೆಗಾರರ ಸಹಕಾರಿ ಕ್ಯಾಂಪ್ಕೊ ಮತ್ತು ವಿಟ್ಲದ ಸಂಶೋಧನಾ ಕೇಂದ್ರ ಸಿಪಿಸಿಆರ್‌ಐ ತರಬೇತಿ ಶಿಬಿರಗಳನ್ನು ನಡೆಸಿವೆ. ದೋಟಿ ಹಿಡಿದ ನಾಲ್ವರು ಹುಡುಗರ ಒಂದು ತಂಡ ಗುತ್ತಿಗೆಗೆ ತೋಟ ಹಿಡಿದರೆ ಗಲ್ಫಿನ ಯಾವ ಮುದೀರನಿಗೂ, ಅಂದರೆ ಮ್ಯಾನೇಜರನಿಗೂ, ಸಲಾಂ ಹೊಡೆಯಬೇಕಾಗಿಲ್ಲ.

ಉಜಿರೆಯ ರುಡ್‌ಸೆಟ್ ಸಂಸ್ಥೆ ನಿಮ್ಮ ಅಂಗಳದಲ್ಲೇ ಇದೆ. 1982ರಲ್ಲಿ ಧರ್ಮಸ್ಥಳದ ಟ್ರಸ್ಟು, ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಸೇರಿ ಕಟ್ಟಿದ ಆ ಮಾದರಿಯನ್ನು ನೋಡಿಯೇ ಮುಂದೆ ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಅಂಥ ಸಂಸ್ಥೆಗಳು ಹುಟ್ಟಿದವು. ಊಟ ವಸತಿ ಸಹಿತ ಉಚಿತ ತರಬೇತಿ. ಫ್ರಿಜ್, ಎಸಿ ರಿಪೇರಿ, ವಯರಿಂಗ್, ಮೊಬೈಲ್ ರಿಪೇರಿಯಂಥ ಕೈಕೆಲಸ ಕಲಿತವನಿಗೆ ಮೂಡುಬಿದಿರೆಯಲ್ಲೂ ಕೆಲಸವಿದೆ, ಶಾರ್ಜಾದಲ್ಲೂ ಇದೆ. ಹೋಗುವ ತೀರ್ಮಾನ ಮಾಡಿದವರೂ ಮೊದಲು ಒಂದು ಕೆಲಸ ಕಲಿತು, ಇಲ್ಲೇ ಎರಡು ವರ್ಷ ಮಾಡಿ ಹೋಗಿ. ಹೆಲ್ಪರ್ ಆಗಿ ಹೋದವನು ಹೆಲ್ಪರ್ ಆಗಿಯೇ ಬರುವುದು ಹೆಚ್ಚು. ಬೊಂಬಾಯಿಯ ರಾತ್ರಿ ಶಾಲೆಯ ಜಾಗದಲ್ಲಿ ಈಗ ನಿಮ್ಮ ಕೈಯಲ್ಲಿ ಫೋನಿದೆ, ವಾರದ ರಜೆಯಿದೆ.

ಇಷ್ಟಾಗಿಯೂ ಲೆಕ್ಕ ಹೋಗು ಅಂದರೆ ಹೋಗಿ, ಹಿಂಜರಿಯಬೇಡಿ. ಆದರೆ ನರ್ಸುಗಳನ್ನು ಬಿಟ್ಟರೆ, ಹತ್ತನೇ ತರಗತಿ ಪಾಸಾದ ನಿಮ್ಮ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕಿಲ್ಲ, ಅಂದರೆ ನಿಮ್ಮ ಕರಾರು ಪತ್ರವನ್ನು ಸರಕಾರದ ಪರವಾಗಿ ಯಾರೂ ಓದುವುದಿಲ್ಲ. ನೀವೇ ಓದಬೇಕು. ಏಜೆಂಟ್ ನೋಂದಾಯಿತನೋ ಎಂದು ಇ-ಮೈಗ್ರೇಟ್ ತಾಣದಲ್ಲಿ ನೋಡಿ. ನೋಂದಾಯಿತ ಏಜೆಂಟ್ 30 ಸಾವಿರ ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಪಡೆಯುವಂತಿಲ್ಲ, ರಶೀದಿ ಕೊಡಬೇಕು. ವಿಸಿಟ್ ವೀಸಾದಲ್ಲಿ ಹೋಗಿ ಕೆಲಸ ಹುಡುಕಿಕೋ ಅನ್ನುವವನ ಮಾತಿಗೆ, ಒಬ್ಬನ ಹೆಸರಿನ ವೀಸಾದಲ್ಲಿ ಇನ್ನೊಬ್ಬನ ಬಳಿ ದುಡಿಯುವ ‘ಆಜಾದ್ ವೀಸಾ’ಕ್ಕೆ ಒಪ್ಪಬೇಡಿ. ಅಲ್ಲಿ ನಿಮ್ಮನ್ನು ಕಾಯುವ ಕಾನೂನುಗಳೆಲ್ಲ ವೀಸಾದಲ್ಲಿ ಬರೆದ ಕಂಪನಿಯ ಹೆಸರಿನಿಂದಲೇ ಶುರುವಾಗುತ್ತವೆ. ಮುಂದಿನ ರಜೆಗೆ ಮಾವ ಬಂದಾಗ ಸಂಬಳ ಎಷ್ಟು ಎಂದು ಕೇಳಬೇಡಿ. ತಿಂಗಳಿಗೆ ಎಷ್ಟು ಉಳಿಯುತ್ತದೆ, ಬೇಸಿಕ್ ಎಷ್ಟು, ಯಾವ ವರ್ಷ ಬಂದುಬಿಡುತ್ತೀರಿ ಎಂದು ಕೇಳಿ. ಈಗಾಗಲೇ ಮರಳಿ ಬಂದಿರುವ ಹಿರಿಯರಲ್ಲಿ ನನ್ನದೊಂದು ವಿನಂತಿ: ಈ ಮಕ್ಕಳು ಕೇಳಿದಾಗ ನಿಜವಾದ ಅಂಕಿ ಹೇಳಿ. ನಿಮ್ಮ ಮರ್ಯಾದೆಗೆ ಅದರಿಂದ ಏನೂ ಕಡಿಮೆಯಾಗದು.

ಕೊನೆಯದಾಗಿ ಒಂದು ಬೇಡಿಕೆ. ಹಣ ಸಾಲದೆ ಬಂದರೆ ಹೊರಡುವುದನ್ನು ಒಂದು ವರ್ಷ ಮುಂದೂಡಿ, ಇಲ್ಲಿ ದುಡಿದು ಸೇರಿಸಿ. ವೀಸಾಕ್ಕೆಂದು ಅಮ್ಮನ ಬೀಡಿಯ ಪಿಎಫ್ ಮಾತ್ರ ತೆಗೆಸಬೇಡಿ.

ಇಂತಿ ನಿಮ್ಮ ಹಿತ ಬಯಸುವ,
ಬಂಟ್ವಾಳದ ಒಬ್ಬ ನಿವೃತ್ತ ಬ್ಯಾಂಕ್ ನೌಕರ